ಗಾಜಿನಿಂದ ಎಷ್ಟು ದೂರ

ರಾಜಾಜಿನಗರ 4ನೇ ಬ್ಲಾಕ್, ಬೆಂಗಳೂರು-10
11 ಜನವರಿ 1978

ಜಗದಾಂಬಾ ಅವರಿಗೆ,

ನಮಸ್ಕಾರ. ಎರಡು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನಿಮಗೆ ಏನನ್ನಿಸುತ್ತದೋ ಗೊತ್ತಿಲ್ಲ. ಹರಿದು ಹಾಕುವ ಮೊದಲು ಒಂದು ಪುಟವಾದರೂ ಓದಿ.

ಮಾಗಡಿ ರಸ್ತೆಯ ನಮ್ಮ ಪ್ರಯೋಗದ ಶೆಡ್ಡಿನ ಬೀಗ ತೆಗೆದಿದ್ದಾರೆ. ಮಾರ್ಚ್ ಇಪ್ಪತ್ತಕ್ಕೆ ದೆಹಲಿಯಿಂದ ಸಮಿತಿ ಬರುತ್ತದಂತೆ, ಅಷ್ಟರೊಳಗೆ ಯಂತ್ರ ಹದಿನೆಂಟು ಸಾವಿರ ವೋಲ್ಟಿನಲ್ಲಿ ನಡೆಯಬೇಕಂತೆ. ಸೂರ್ಯನ ಹೊಟ್ಟೆಯಲ್ಲಿ ಜಲಜನಕ ಬೆಸೆದುಕೊಳ್ಳುವಂತೆ ಬೆಂಗಳೂರಿನಲ್ಲೂ ಬೆಸೆಯುತ್ತೇವೆ ಎಂದು ನಮ್ಮ ಸಂಸ್ಥೆಯ ನಿರ್ದೇಶಕರು ಎಲ್ಲೋ ಭಾಷಣ ಮಾಡಿ ಬಂದಿದ್ದಾರೆ. ನಾನು ಆಗಲಿ ಸಾರ್ ಎಂದು ತಲೆಯಾಡಿಸಿದೆ. ಹೊರಗೆ ಬಂದು ಸೈಕಲ್ಲಿನ ಬೀಗ ತೆಗೆಯಲು ಹೋದರೆ ನಾಲ್ಕು ಸಲ ಪ್ರಯತ್ನಿಸಿದರೂ ಬೀಗದ ಕೈ ತೂತಿಗೆ ಹೋಗಲಿಲ್ಲ.

ಹದಿನೆಂಟು ಎಂದರೇನು ಎಂದು ನಿಮಗೆ ಹೇಳಬೇಕಿಲ್ಲ. 1976ರ ಫೆಬ್ರವರಿಯಲ್ಲಿ ಅದೇ ಹದಿನೆಂಟರಲ್ಲಿ ಗಾಜಿನ ಕೊಳವೆ ಸಿಡಿದು ನಮ್ಮ ಮೆಕ್ಯಾನಿಕ್ ಮರಿಯಪ್ಪನ ಎಡಗಣ್ಣು ಹೋಯಿತು. ಅದಕ್ಕೆ ಮುಂಚೆ ನಡೆದದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ನಾನು ನನ್ನ ಅಳತೆಯ ನಕ್ಷೆಯನ್ನು ಮುಂಬಯಿಗೆ ಕಳಿಸಿದೆ. ನೀವು ಅದನ್ನು ಪಕ್ಕದಲ್ಲಿಟ್ಟುಕೊಂಡು, ಎರಡೂ ಗೆರೆ ಒಂದರ ಮೇಲೊಂದು ಕೂರುವವರೆಗೆ ನಿಮ್ಮ ಕಂಪ್ಯೂಟರ್ ಲೆಕ್ಕದ ಒಂದು ಅಂಕಿಯನ್ನು ತಿದ್ದಿದಿರಿ. ಲೆಕ್ಕಕ್ಕೂ ಅಳತೆಗೂ ಹೊಂದಿತು ಎಂದು ಇಬ್ಬರೂ ಕುಣಿದೆವು. ಆ ಧೈರ್ಯದ ಮೇಲೆ ವೋಲ್ಟೇಜು ಏರಿಸಿದೆವು. ಆಮೇಲೆ ವರದಿಯಲ್ಲಿ ‘ಗಾಜಿನ ದೋಷ’ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಆ ಗಾಜನ್ನು ಕತ್ತರಿಸಿ, ಉಜ್ಜಿ, ಕೂರಿಸಿದವನು ಮರಿಯಪ್ಪನೇ.

ಅವನು ಮತ್ತೆ ಇದೇ ಶೆಡ್ಡಿಗೆ ಬಂದಿದ್ದಾನೆ, ನಾಗರಬಾವಿಯಿಂದ ದಿನಾ ಸೈಕಲ್ಲಿನಲ್ಲಿ. ಮೊನ್ನೆ ಹೊಸ ಕೊಳವೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, “ಈ ಸಲ ಒಂದ್ ಗೆರೆನೂ ಇಲ್ಲ ಸಾರ್, ಮೂರ್ ಸಲ ನೋಡಿದೀನಿ. ಅವತ್ತು ನಾನೇ ಸರ್ಯಾಗ್ ನೋಡ್ಲಿಲ್ಲ” ಎಂದ. ನಾನು “ಹೂಂ” ಎಂದೆ. ಅಷ್ಟೇ ಎಂದೆ ನೋಡಿ.

ಹೊಸದಾಗಿ ಲೆಕ್ಕ ಮಾಡಿಕೊಡುತ್ತೀರಾ? ನನಗೆ ಭಯವಾಗಿದೆ. ಇನ್ನು ಯಾರ ಹತ್ತಿರ ಹೇಳಿಕೊಳ್ಳಲಿ.

ಇತಿ,
ಗುರುಸಿದ್ದಯ್ಯ


ಮಹಿಳಾ ಹಾಸ್ಟೆಲ್, ಕೋಣೆ 17, ಮುಂಬಯಿ
20 ಜನವರಿ 1978

ಗುರು,

ಒಂದೇ ಲ್ಯಾಬಿನಲ್ಲಿ ಎರಡು ವರ್ಷ ಎಂ.ಎಸ್ಸಿ. ಓದಿದವರು ನಾವು. ‘ನೀವು’ ಅಂತೆ, ‘ನಮಸ್ಕಾರ’ ಅಂತೆ. ಮರ್ಯಾದೆ ಕೊಟ್ಟು ದೂರ ಇಡಬೇಡ.

ಲೆಕ್ಕ ಮಾಡುತ್ತೇನೆ. ಆದರೆ ನಾನು ಹೇಳಿದ ಹಾಗೆ ನಡೆಯಬೇಕು.

ಕೆಪ್ಯಾಸಿಟರುಗಳ ವಿದ್ಯುತ್ತನ್ನು ತಾಮ್ರದ ಸುರುಳಿಗೆ ಒಮ್ಮೆಲೇ ಬಿಟ್ಟಾಗ, ಅದರ ಕಾಂತಬಲ ಗಾಜಿನ ಕೊಳವೆಯೊಳಗಿನ ಅನಿಲವನ್ನು ನಡುವಿಗೆ ಹಿಂಡಿ ಉರಿಯಾಗಿಸುತ್ತದೆ. ಆ ಉರಿ ಗಾಜಿನಿಂದ ದೂರ ನಿಂತರೆ ಕೊಳವೆ ಉಳಿಯುತ್ತದೆ, ತಾಗಿದರೆ ಸಿಡಿಯುತ್ತದೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ಹೋದ ಸಲ ಗೊತ್ತಿದ್ದದ್ದನ್ನೇ ಮರೆತೆವು. ನಮಗೆ ಬೇಕಾದದ್ದು ಒಂದೇ ಸಂಖ್ಯೆ. ಅಪಾಯ ಕಡಿಮೆ ಇರುವ ಹನ್ನೆರಡು ಸಾವಿರ ವೋಲ್ಟಿನಲ್ಲಿ ಉರಿಯ ಅಂಚು ಗಾಜಿನಿಂದ ಎಷ್ಟು ಮಿಲಿಮೀಟರ್ ದೂರ ನಿಲ್ಲುತ್ತದೆ? ವೋಲ್ಟೇಜು ಏರಿದಂತೆ ಉರಿ ಹೊಯ್ದಾಡಿ ಈ ದೂರ ಕಡಿಮೆಯಾಗುತ್ತದೆ. ಆದ್ದರಿಂದ ಅಳೆಯುವ ಮೊದಲೇ ಮಾತಾಗಿಬಿಡಲಿ. ಹದಿನೈದು ಮಿಲಿಮೀಟರಿಗಿಂತ ಹೆಚ್ಚು ಬಂದು, ಅದು ನನ್ನ ಲೆಕ್ಕಕ್ಕೂ ಹೊಂದಿದರೆ ಹದಿನೆಂಟಕ್ಕೆ ಏರಿಸು. ಇಲ್ಲದಿದ್ದರೆ ಯಾರು ಏನೇ ಹೇಳಲಿ ಏರಿಸಬೇಡ.

ಆಸಿಲೋಸ್ಕೋಪಿಗೆ ತಂತಿ ಜೋಡಿಸಿದ ತೆಳುವಾದ ಅಳತೆಕಡ್ಡಿಯನ್ನು ಗಾಜಿನ ಅಂಚಿನಿಂದ ಎರಡೆರಡೇ ಮಿಲಿಮೀಟರ್ ಒಳಗೆ ತಳ್ಳುತ್ತ ಮೂವತ್ತರವರೆಗೆ ಹೋಗು. ಪ್ರತಿ ಜಾಗದಲ್ಲಿ ಎರಡು ಸಲ ವಿದ್ಯುತ್ ಬಿಟ್ಟು ಎರಡು ಷಾಟ್, ಪ್ರತಿ ಷಾಟಿಗೆ ಆಸಿಲೋಸ್ಕೋಪಿನ ಗೆರೆಯ ಒಂದು ಫೋಟೋ. ಕಡ್ಡಿಗೆ ಉರಿ ತಾಗಿದರೆ ಗೆರೆ ಏಳುತ್ತದೆ. ಅದನ್ನು ನೋಡಿ ಆ ಜಾಗದಲ್ಲಿ ಉರಿ ಇದೆಯೋ ಇಲ್ಲವೋ ಅಷ್ಟೇ ಬರೆ. ನಿನ್ನ ಫೋಟೋ ನನಗೆ ಕಳಿಸಕೂಡದು. ನನ್ನ ಸಂಖ್ಯೆಯನ್ನು ನೀನು ನೋಡಕೂಡದು. ಅದನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಮೂರನೆಯವರಿಗೆ ಕಳಿಸುತ್ತೇನೆ. ನೀನು ನಿನ್ನ ಅಳತೆಯನ್ನು ನಿರ್ದೇಶಕರ ಎದುರು ಹೇಳಿದ ಮೇಲೆಯೇ ಅದನ್ನು ಒಡೆಯಬೇಕು. ಈ ವಿಜ್ಞಾನದ ಗಂಧಗಾಳಿ ಇಲ್ಲದ, ನಿನಗೆ ಹೆದರದ ಒಬ್ಬರ ಹೆಸರು ತಿಳಿಸು.

ಮರಿಯಪ್ಪನವರ ಮನೆಯ ವಿಳಾಸವನ್ನೂ ಬರೆ. ಸುಮ್ಮನೆ ಕೇಳಿದೆ.

ಭಯ ನನಗೂ ಇದೆ. ನನ್ನದು ಸಿಟ್ಟಾಗಿ ಹೊರಗೆ ಬರುತ್ತದೆ, ನಿನಗೆ ಗೊತ್ತಲ್ಲ.

ಜಗದಾಂಬಾ


ರಾಜಾಜಿನಗರ
2 ಫೆಬ್ರವರಿ 1978

ಪ್ರಿಯ ಜಗದಾಂಬಾ,

ನನಗೆ ಹೆದರದವರು ಬೇಕೆಂದರೆ ನಮ್ಮ ಮನೆಯ ಮಾಲೀಕರು ಕಮಲಾಕ್ಷಮ್ಮನವರೇ ಸರಿ. ದಾವಣಗೆರೆ ಕಡೆಯವರು. ಮುಂದಿನ ಭಾಗದಲ್ಲಿ ಅವರು, ಹಿಂದಿನ ಎರಡು ಕೋಣೆಯಲ್ಲಿ ನಾನು. ಹಬ್ಬದ ದಿನ ಅಯ್ಯನೋರೆ ಎಂದು ಕರೆದು ಪಾದಕ್ಕೆ ನೀರು ಹಾಕುತ್ತಾರೆ, ಮಾರನೆಯ ದಿನ ನಲ್ಲಿ ತಿರುಗಿಸಿಲ್ಲವೆಂದು ಬೈಯುತ್ತಾರೆ. ವಿಷಯ ಹೇಳಿದೆ. “ಒಡೀಬಾರದ ಪತ್ರ ತಾನೇ? ದೇವ್ರ ಗೂಡಿನಾಗ ವಿಭೂತಿ ಡಬ್ಬಿ ಕೆಳಗ ಇಡ್ತೀನಿ ಬಿಡ್ರಿ. ಅಲ್ಲಿ ಯಾರು ಕೈ ಹಾಕ್ತಾರ?” ಎಂದರು.

ಮರಿಯಪ್ಪನ ವಿಳಾಸ ಹಿಂದಿನ ಪುಟದಲ್ಲಿದೆ.

ನಿನ್ನೆ ಕೆಪ್ಯಾಸಿಟರುಗಳಿಗೆ ಮೊದಲ ಸಲ ವಿದ್ಯುತ್ ತುಂಬಿದೆವು. ಒಳಗೆ ಹೋಗುವವರು ಯಾರೇ ಆಗಲಿ, ಮೊದಲು ಭೂಮಿಗೆ ಕಟ್ಟಿದ ಕೋಲಿನಿಂದ ಒಂದೊಂದನ್ನೂ ಮುಟ್ಟಿಸಿ, ಉಳಿದ ವಿದ್ಯುತ್ತನ್ನು ಇಳಿಸಿ, ಆಮೇಲೆ ಕಾಲಿಡಬೇಕು. ಮರಿಯಪ್ಪ ಒಂದು ಸಲ ಮುಟ್ಟಿಸಿದ, ಬಾಗಿಲ ತನಕ ಬಂದ, ವಾಪಸ್ ಹೋಗಿ ಇನ್ನೊಂದು ಸಲ ಮುಟ್ಟಿಸಿದ. ಎಡಗಡೆಯ ಸಾಲು ಅವನಿಗೆ ಕಾಣುವುದಿಲ್ಲ, ತಲೆಯನ್ನೇ ಪೂರ್ತಿ ಹೊರಳಿಸಬೇಕು. ಅವನು ಹಾಗೆ ತಲೆ ಹೊರಳಿಸಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಇತಿ,
ಗುರು


ಕೋಣೆ 17, ಮುಂಬಯಿ
13 ಫೆಬ್ರವರಿ 1978

ಗುರು,

ಕಮಲಾಕ್ಷಮ್ಮನವರಿಗೆ ಲಕೋಟೆ ರಿಜಿಸ್ಟರ್ ಮಾಡಿದ್ದೇನೆ. ಅಂಟಿನ ಮೇಲೆ ಅಡ್ಡಲಾಗಿ ನನ್ನ ಸಹಿ ಇದೆ.

ಲೆಕ್ಕ ಮುಗಿಯಲು ಮೂರು ವಾರ ಹಿಡಿಯಿತು. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಬೆಳಿಗ್ಗೆ ಕಂಪ್ಯೂಟರಿಗೆ ಕೊಟ್ಟರೆ ಸಾಯಂಕಾಲ ಉತ್ತರ ಬರುತ್ತದೆ, ಒಂದು ಕಾರ್ಡು ತಪ್ಪಿದ್ದರೆ ಮತ್ತೆ ಮಾರನೆಯ ದಿನ. ಈ ಸಲ ಯಾವ ಅಂಕಿಯನ್ನೂ ತಿದ್ದಿಲ್ಲ. ತಿದ್ದಲು ಎದುರಿಗೆ ನಿನ್ನ ನಕ್ಷೆಯೇ ಇರಲಿಲ್ಲ. ಉತ್ತರ ಸರಿಯೋ ತಪ್ಪೋ ಎಂದು ಕೇಳಲು ಯಾರೂ ಇಲ್ಲದೆ ಕೂತಿರುವುದು ಎಷ್ಟು ಕಷ್ಟ ಎಂದು ಈಗ ಗೊತ್ತಾಯಿತು. ಈ ಯಾತನೆಯನ್ನು ಎರಡು ವರ್ಷದ ಹಿಂದೆಯೇ ಪಟ್ಟಿದ್ದರೆ ಒಬ್ಬರ ಕಣ್ಣು ಉಳಿಯುತ್ತಿತ್ತು.

ಜಗದಾಂಬಾ


ರಾಜಾಜಿನಗರ
28 ಫೆಬ್ರವರಿ 1978

ಪ್ರಿಯ ಜಗದಾಂಬಾ,

ಹದಿನಾಲ್ಕು ಷಾಟ್ ಆಗಿವೆ. ಇನ್ನು ಹದಿನಾರು ಬಾಕಿ. ಚುನಾವಣೆಯ ಲೌಡ್‌ಸ್ಪೀಕರುಗಳು ನಿಂತು ಊರು ತಣ್ಣಗಾಗಿದೆ, ನಾನು ಆಗಿಲ್ಲ.

ಒಂದೊಂದು ಷಾಟಿಗೂ ಗುಂಡಿ ಒತ್ತುವವನು ನಾನೇ. ಮರಿಯಪ್ಪ ಮರಳುಚೀಲಗಳ ಹಿಂದೆ ನಿಂತು “ರೆಡಿ ಸಾರ್” ಎನ್ನುತ್ತಾನೆ. ನನ್ನ ಬೆರಳು ಗುಂಡಿಯ ಮೇಲೆ ಹಾಗೇ ಇರುತ್ತದೆ. “ಸಾರ್, ರೆಡಿ” ಎಂದು ಮತ್ತೊಮ್ಮೆ ಎನ್ನುತ್ತಾನೆ. ಮೊನ್ನೆ ಮೂರನೆಯ ಸಲಕ್ಕೆ ಅವನೇ ಎದ್ದು ಬಂದು, “ಏನಾಗಲ್ಲ ಒತ್ತಿ ಸಾರ್, ಗಾಜು ಚೆನ್ನಾಗ್ ಕೂರ್ಸಿದೀನಿ” ಎಂದ. ಕಣ್ಣು ಕಳೆದುಕೊಂಡವನು ನನಗೆ ಧೈರ್ಯ ಹೇಳುತ್ತಿದ್ದಾನೆ. ಒತ್ತಿದೆ. ಢಮ್ ಎಂದಿತು, ಏನೂ ಆಗಲಿಲ್ಲ, ನನ್ನ ಅಂಗಿ ಮಾತ್ರ ಬೆನ್ನಿಗೆ ಅಂಟಿತ್ತು.

ಫೋಟೋಗಳು ಅಂದುಕೊಂಡಷ್ಟು ಸ್ವಚ್ಛವಾಗಿಲ್ಲ. ಸ್ವಿಚ್ಚಿನ ಕಿಡಿಯ ಗಲಾಟೆಯೂ ಗೆರೆಯಲ್ಲಿ ಸೇರಿಕೊಂಡಿದೆ. ಉರಿ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಸುಲಭವಿಲ್ಲ. ಕಮ್ಮಿ ಬಂದರೆ ಏನು ಗತಿ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿದೆ.

ಶಿವರಾತ್ರಿಗೆ ಕಮಲಾಕ್ಷಮ್ಮನವರು ಗೋವಿಂದರಾಜನಗರದ ಮಗಳ ಮನೆಗೆ ಹೋಗುತ್ತಾರೆ. ಮನೆಯ ಬೀಗದ ಕೈ ನನಗೇ ಕೊಟ್ಟು ಹೋಗುವುದು ವಾಡಿಕೆ.

ಇತಿ,
ಗುರು


ಕೋಣೆ 17, ಮುಂಬಯಿ
4 ಮಾರ್ಚ್ 1978

ಗುರು,

ಬೀಗದ ಕೈ ವಿಷಯವನ್ನು ನನಗೆ ಯಾಕೆ ಬರೆದೆ?

ಜಗದಾಂಬಾ


ರಾಜಾಜಿನಗರ
10 ಮಾರ್ಚ್ 1978

ಪ್ರಿಯ ಜಗದಾಂಬಾ,

ಹೊಂದಿತು. ಇವತ್ತು ನಿರ್ದೇಶಕರ ಕೋಣೆಯಲ್ಲಿ ನನ್ನ ಅಳತೆ ಹದಿನಾರು ಎಂದೆ. ಕಮಲಾಕ್ಷಮ್ಮನವರು ರೇಷ್ಮೆ ಸೀರೆ ಉಟ್ಟು ಬಂದು, ಲಕೋಟೆಯನ್ನು ಮಡಿಲಿನಿಂದ ತೆಗೆದು ಕೊಟ್ಟರು. ನಿರ್ದೇಶಕರು ಒಡೆದರು. ಹದಿನೇಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬರುವ ಹದಿನೇಳನೆಯ ತಾರೀಖು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಹದಿನೆಂಟು ಸಾವಿರಕ್ಕೆ ಏರಿಸಲು ಅಪ್ಪಣೆಯಾಗಿದೆ.

ಇಷ್ಟನ್ನೇ ಬರೆದು ಅಂಚೆಗೆ ಹಾಕಿಬಿಡೋಣ ಎಂದುಕೊಂಡಿದ್ದೆ. ಆಗಲಿಲ್ಲ.

ಶಿವರಾತ್ರಿಯ ದಿನ ಮಧ್ಯಾಹ್ನ ನಾನು ಆ ಲಕೋಟೆ ಒಡೆದೆ. ಕಳ್ಳತನ ಮಾಡಬೇಕೆಂದಲ್ಲ. ಉಳಿದ ಹದಿನಾರು ಷಾಟ್ ಒತ್ತಲು ನನ್ನಿಂದ ಆಗುತ್ತಲೇ ಇರಲಿಲ್ಲ. ದೂರ ಸಾಕಷ್ಟಿದೆ ಎಂದು ಒಮ್ಮೆ ಗೊತ್ತಾದರೆ ಸಾಕು, ಒತ್ತಲು ಧೈರ್ಯ ಬರುತ್ತದೆ ಅನ್ನಿಸಿತು. ಬೀಗ ತೆಗೆದು ಒಳಗೆ ಹೋಗಿ, ಅವರದೇ ಒಲೆಯ ಮೇಲೆ ನೀರು ಕುದಿಸಿ, ಹಬೆಗೆ ಹಿಡಿದು ಬಿಡಿಸಿದೆ. ಹದಿನೇಳು ಎಂದು ಓದಿ ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮೈದಾ ಅಂಟು ಮಾಡಿ ಮತ್ತೆ ಅಂಟಿಸಿದೆ. ಆ ದಿನದಿಂದ ಮರಿಯಪ್ಪ “ರೆಡಿ” ಎಂದ ಕೂಡಲೇ ಒತ್ತಿದೆ, ಮೂರೇ ದಿನದಲ್ಲಿ ಉಳಿದ ಷಾಟ್‌ಗಳೆಲ್ಲ ಮುಗಿದವು. ಆಮೇಲೆ ಮೂವತ್ತೂ ಫೋಟೋಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದೆ.

ಈಗ ಬೇರೆ ಭಯ ಹಿಡಿದಿದೆ, ಇದು ಮೊದಲಿನದಕ್ಕಿಂತ ಕೆಟ್ಟದು. ಎಂಟು, ಹತ್ತು, ಹನ್ನೆರಡು, ಹದಿನಾಲ್ಕು ಮಿಲಿಮೀಟರಿನ ಫೋಟೋಗಳಲ್ಲೂ ಗೆರೆ ಎದ್ದಿತ್ತು. ಅದು ಕಿಡಿಯ ಗಲಾಟೆ ಎಂದುಕೊಂಡು ‘ಇಲ್ಲ’ ಎಂದು ಬರೆದೆ. ಹದಿನಾರರಲ್ಲೂ ಅಂಥದೇ ಗೆರೆ. ಅಲ್ಲಿ ‘ಇದೆ’ ಎಂದು ಬರೆದೆ. ಬರೆಯುವಾಗ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ ಕಣೇ. ನಿನ್ನಾಣೆಗೂ ಸುಳ್ಳು ಬರೆದದ್ದಲ್ಲ, ನನ್ನ ಕಣ್ಣಿಗೆ ಹಾಗೇ ಕಂಡಿತು. ಈಗ ಅದೇ ಫೋಟೋಗಳನ್ನು ತೆಗೆದು ನೋಡಲು ಧೈರ್ಯವಿಲ್ಲ. ನಿರ್ದೇಶಕರಿಗೆ ಹೇಳಲೂ ಧೈರ್ಯವಿಲ್ಲ.

ನಿನ್ನ ಲೆಕ್ಕ ಹದಿನೇಳು ಎಂದಿದ್ದರೆ ಹದಿನೇಳೇ ಇರಬೇಕು ಅಲ್ಲವೇ? ಹೌದು ಎಂದು ಬರೆ. ದಯವಿಟ್ಟು.

ಗುರು


ಕೋಣೆ 17, ಮುಂಬಯಿ
14 ಮಾರ್ಚ್ 1978

ಗುರು,

ಹದಿನೆಂಟಕ್ಕೆ ಏರಿಸಬೇಡ ಎಂದು ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ತಂತಿ ತಲುಪಿದ್ದರೆ ಈ ಪತ್ರ ನಿನ್ನ ಕೈಗೆ ಬರುವಾಗ ಮರಿಯಪ್ಪನವರು ಚೆನ್ನಾಗಿರುತ್ತಾರೆ. ತಲುಪದಿದ್ದರೆ ಏನು ಬರೆದು ಏನು ಪ್ರಯೋಜನ.

ಹದಿನೇಳು ನನ್ನ ಲೆಕ್ಕವಲ್ಲ. ನನ್ನ ಕೋಣೆಯ ನಂಬರು. ಪ್ರತಿ ಪತ್ರದ ಲಕೋಟೆಯ ಮೇಲೂ ನೀನೇ ಬರೆಯುತ್ತಿರುವ ನಂಬರು.

ನೀನು ಒಡೆಯುತ್ತೀ ಎಂದು ನನಗೆ ಮೊದಲೇ ಅನ್ನಿಸಿತ್ತು. ನಿನ್ನ ಜಾಗದಲ್ಲಿ ನಾನಿದ್ದರೂ ಒಡೆಯುತ್ತಿದ್ದೆ. ಅದಕ್ಕೇ ಎರಡು ಲಕೋಟೆ ಮಾಡಿದೆ. ನಿಜವಾದ ಲೆಕ್ಕವನ್ನು ನಾಗರಬಾವಿಗೆ, ಮರಿಯಪ್ಪನವರ ಮನೆಗೆ ಕಳಿಸಿ, ನಾನು ತಿಳಿಸುವವರೆಗೆ ಒಡೆಯಬೇಡಿ, ಯಾರಿಗೂ ಹೇಳಬೇಡಿ ಎಂದು ಬರೆದಿದ್ದೆ. ನಿರ್ದೇಶಕರ ಎದುರು ಹದಿನೇಳು ಹೊಂದದೆ ಹೋದಾಗ ನಿಜ ಹೇಳಿದರಾಯಿತು ಎಂದುಕೊಂಡಿದ್ದೆ. ಹೊಂದಿಬಿಡುತ್ತದೆ ಎಂದು ಊಹಿಸಲೇ ಇಲ್ಲ. ನನ್ನ ಕೋಣೆಯ ನಂಬರಿಗೆ ನಿನ್ನ ಯಂತ್ರ ಹೊಂದಿತು ಎಂದು ಓದಿದ ಕೂಡಲೇ ತಂತಿ ಕಚೇರಿಗೆ ಓಡಿದೆ.

ಬೈಯುವುದಿದ್ದರೆ ನನ್ನನ್ನೂ ಬೈ. ಸುಳ್ಳು ಸಂಖ್ಯೆಯೇ ಬೇಕಿದ್ದರೆ ಮೂರು ಎಂದು ಬರೆಯಬಹುದಿತ್ತು, ಐದು ಎಂದು ಬರೆಯಬಹುದಿತ್ತು. ಹದಿನೈದರ ಮೇಲಿನದನ್ನು ಯಾಕೆ ಬರೆದೆ? ಕೈಗೆ ಬಂದದ್ದನ್ನು ಬರೆದೆ, ಯೋಚನೆಯನ್ನೇ ಮಾಡಲಿಲ್ಲ. ನಿನ್ನನ್ನು ಪರೀಕ್ಷೆ ಮಾಡಲು ಹೋಗಿ ಆ ಮನುಷ್ಯನನ್ನು ಮತ್ತೆ ಅದೇ ಗಾಜಿನ ಮುಂದೆ ತಂದು ನಿಲ್ಲಿಸಿದೆ.

ಈಗ ಹೀಗೆ ಮಾಡು. ಮೂವತ್ತೂ ಫೋಟೋಗಳ ಬೆನ್ನ ಮೇಲೆ ಜಾಗದ ಅಳತೆ ಇದೆಯಲ್ಲ, ಅವನ್ನು ಕಮಲಾಕ್ಷಮ್ಮನವರು ಕಲಸಲಿ. ಮರಿಯಪ್ಪನವರು ಬೆನ್ನು ನೋಡದೆ ಗೆರೆ ಎದ್ದದ್ದು ಒಂದು ಕಡೆ, ಏಳದ್ದು ಒಂದು ಕಡೆ ಇಡಲಿ. ನೀನು ಎದ್ದು ಬೇರೆ ಕೋಣೆಗೆ ಹೋಗು. ಆಮೇಲೆ ಅವರ ಲಕೋಟೆ ಒಡೆಯಿರಿ.

ಜಗದಾಂಬಾ


ರಾಜಾಜಿನಗರ
18 ಮಾರ್ಚ್ 1978

ಪ್ರಿಯ ಜಗದಾಂಬಾ,

ತಂತಿ ಹದಿನೈದಕ್ಕೆ ಬಂತು. ಪತ್ರ ನಿನ್ನೆ ಬೆಳಿಗ್ಗೆ ಎಂಟಕ್ಕೆ ಬಂತು. ಹದಿನೆಂಟಕ್ಕೆ ಏರಿಸಿಲ್ಲ. ತಂತಿ ಓದಿದ ಕೂಡಲೇ ಚಾರ್ಜಿಂಗ್ ಸ್ವಿಚ್ಚಿನ ಕೀಲಿಯನ್ನು ತೆಗೆದು ಶಿವದಾರಕ್ಕೆ ಕಟ್ಟಿಕೊಂಡೆ, ಇನ್ನೂ ಕೊರಳಲ್ಲೇ ಇದೆ.

ನಿನ್ನೆ ಪತ್ರ ಕೈಯಲ್ಲಿ ಹಿಡಿದು ಮೊದಲು ಕಮಲಾಕ್ಷಮ್ಮನವರಿಗೆ ತಪ್ಪೊಪ್ಪಿಕೊಂಡೆ. “ಗೊತ್ತೈತಿ ಬಿಡ್ರಿ ಅಯ್ಯನೋರೆ” ಎಂದರು. “ಲಕೋಟಿಗೆ ಇರುವಿ ಹತ್ತಿದ್ವು. ಬರೇ ಗೋಂದಿಗೆ ಇರುವಿ ಯಾಕ ಬರ್ತಾವ? ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ.” ಅಷ್ಟು ಹೇಳಿ ಮೊರ ತಂದು, ಅವರೆಕಾಳು ಹಸನು ಮಾಡುವವರ ಹಾಗೆ ಫೋಟೋಗಳನ್ನು ಕಲಸಿ ಪಡಸಾಲೆಯ ಚಾಪೆಯ ಮೇಲೆ ಸುರಿದರು.

ಹೇಳಿಕಳಿಸಿದ್ದ ಮರಿಯಪ್ಪನವರು ತಮ್ಮ ಲಕೋಟೆ ಹಿಡಿದು ಬಂದು ಚಕ್ಕಳಮಕ್ಕಳ ಹಾಕಿ ಕೂತರು. ನಾನು ಒಳಗೆ ಹೋದೆ. ಗೋಡೆಗೆ ಕಿವಿಯಿಟ್ಟರೂ ಏನೂ ಕೇಳುತ್ತಿರಲಿಲ್ಲ, ಒಂದೊಂದು ಫೋಟೋ ಚಾಪೆಯ ಮೇಲೆ ಬೀಳುವ ಸದ್ದು ಬಿಟ್ಟರೆ. ಹತ್ತು ನಿಮಿಷವೂ ಆಗಿರಲಿಲ್ಲ, “ಆಯ್ತು ಬನ್ನಿ ಸಾರ್, ಇದ್ರಲ್ಲೇನ್ ಕಷ್ಟ ಐತೆ?” ಎಂದು ಕರೆದರು.

ಎರಡು ರಾಶಿ. ಬೆನ್ನು ತಿರುಗಿಸಿ ನೋಡಿದೆವು. ಎರಡು, ನಾಲ್ಕು, ಆರರವು ಏಳದ ರಾಶಿಯಲ್ಲಿ. ಎಂಟರಿಂದ ಮೇಲಿನವು ಒಂದೂ ಬಿಡದೆ ಎದ್ದ ರಾಶಿಯಲ್ಲಿ. ಉರಿ ಗಾಜಿನಿಂದ ಎಂಟೇ ಮಿಲಿಮೀಟರ್ ದೂರದಲ್ಲಿದೆ. ನಿನ್ನ ನಿಜವಾದ ಲಕೋಟೆಯಲ್ಲಿ ಇಪ್ಪತ್ತನಾಲ್ಕು. ನನ್ನ ಅಳತೆ ಸುಳ್ಳು, ನಿನ್ನ ಲೆಕ್ಕವೂ ಸುಳ್ಳು. ಹದಿನೆಂಟಕ್ಕೆ ಏರಿಸಿದ್ದರೆ ಉರಿ ಗಾಜಿಗೆ ತಾಗಿಯೇ ತಾಗುತ್ತಿತ್ತು.

ನಾನು ಇದನ್ನೆಲ್ಲ ಹೇಳುತ್ತ ಹೋದೆ. ಮರಿಯಪ್ಪನವರು ಎಂಟರ ಫೋಟೋವನ್ನು ಕೈಯಲ್ಲೇ ಹಿಡಿದಿದ್ದರು. ಆಮೇಲೆ ಕೇಳಿದರು: “ಅಂದ್ರೆ ಸಾರ್, ಅವತ್ತೂ ಹಿಂಗೇ ತಾಗಿರ್ಬೇಕಲ್ವಾ?”

“ಹೌದು” ಎಂದೆ.

“ಮತ್ತೆ ಗಾಜಿಂದು?”

“ಗಾಜಿನದು ತಪ್ಪಿರಲಿಲ್ಲ ಮರಿಯಪ್ಪನವರೇ. ಲೆಕ್ಕ ತಿದ್ದಿದ್ವಿ. ನಾವೇ.”

ಅವರು ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಅನ್ನಿಸಿತ್ತು. ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. “ನಮ್ಮನೆಯೋಳು ವೆಂಕಟಲಕ್ಷ್ಮಿ ಒಬ್ಳೇ ಸಾರ್, ಆವತ್ತಿಂದ ಹೇಳ್ತಾನೇ ಅವ್ಳೆ. ನಿನ್ ಕೈ ಅಂಥದ್ದಲ್ಲ ಕಣಯ್ಯಾ ಅಂತ. ನಾನೇ ನಂಬ್ಲಿಲ್ಲ” ಎಂದರು. ಎದ್ದು ಸೈಕಲ್ ಹತ್ತಿ ಹೋದರು. ಇವತ್ತು ಕೆಲಸಕ್ಕೆ ಬರಲಿಲ್ಲ.

ನಿರ್ದೇಶಕರಿಗೆ ಈ ಸಲದ ವಿಷಯ ಹೇಳಿದ್ದೇನೆ. ಸಮಿತಿಗೆ ಏನು ತೋರಿಸಲಿ ಎಂದು ಕೂಗಾಡಿದರು, ಕೀಲಿ ಕೇಳಿದರು, ಕೊಡಲಿಲ್ಲ. ಹಳೆಯ ವಿಷಯ ಇನ್ನೂ ಹೇಳಿಲ್ಲ. 1976ರ ವರದಿಯನ್ನು ತಿದ್ದಿ ಬರೆದು ಇದರ ಜೊತೆ ಇಟ್ಟಿದ್ದೇನೆ. ನನ್ನ ಸಹಿ ಆಗಿದೆ, ಕೆಳಗೆ ನಿನ್ನ ಹೆಸರಿದೆ. ಇಬ್ಬರ ಕೆಲಸವೂ ಹೋಗಬಹುದು. ಭಯ ಕಡಿಮೆಯಾಗಿಲ್ಲ ಕಣೇ. ಆದರೂ ಕಳಿಸುತ್ತಿದ್ದೇನೆ.

ಗುರು


ಕೋಣೆ 17, ಮುಂಬಯಿ
23 ಮಾರ್ಚ್ 1978

ಗುರು,

ಮೂರು ದಿನದಿಂದ ನಿನ್ನ ಕಾಗದ ಬರುವುದನ್ನೇ ಕಾಯುತ್ತಿದ್ದೆ. ಬಂದ ಮೇಲೆ ಪೆನ್ನು ಕೈಗೆ ತೆಗೆದುಕೊಳ್ಳಲು ಅರ್ಧ ದಿನ ಹಿಡಿಯಿತು.

ಸಹಿ ಹಾಕಿದ್ದೇನೆ. ಒಂದು ಕಡೆ ನೀನು ‘ಲೆಕ್ಕದಲ್ಲಿ ತಿದ್ದುಪಡಿಯಾಯಿತು’ ಎಂದು ಬರೆದಿದ್ದೆ. ಅದನ್ನು ಹೊಡೆದು ‘ಜಗದಾಂಬಾ ತಿದ್ದಿದಳು’ ಎಂದು ಬರೆದಿದ್ದೇನೆ.

ಇದನ್ನು ನಿರ್ದೇಶಕರಿಗೆ ಕೊಡುವ ಮೊದಲು ನಾಗರಬಾವಿಗೆ ಹೋಗು. ವೆಂಕಟಲಕ್ಷ್ಮಮ್ಮನವರನ್ನು ಕೂರಿಸಿ ಅವರ ಎದುರು ಪೂರ್ತಿ ಓದು. ಎಲ್ಲೂ ನಿಲ್ಲಿಸಬೇಡ, ನನ್ನ ಹೆಸರು ಬರುವಲ್ಲೂ ದನಿ ತಗ್ಗಿಸಬೇಡ. ಅವರು ಏನು ಹೇಳಿದರೆಂದು ಬರೆ. ನಾನು ಮುಂದಿನ ತಿಂಗಳು ರಜೆ ಹಾಕಿ ಬರುತ್ತೇನೆ, ಅವರ ಮುಖ ನೋಡಲು ನನಗೆ ಈಗಲೇ ಭಯವಾಗುತ್ತಿದೆ.

ಈ ಲಕೋಟೆಯನ್ನು ಅಂಟಿಸಿಲ್ಲ. ದಾರಿಯಲ್ಲಿ ಯಾರು ಬೇಕಾದರೂ ಓದಲಿ.

ಜಗದಾಂಬಾ